ಒರೆ ಬಿಡದ ಕತ್ತಿ

ಮಧ್ಯಾಹ್ನ ಮೂರಕ್ಕೆ ಪೆರೇಡು. ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ, ಸಾಹೇಬರು ಸೊಂಟಕ್ಕೆ ಕಟ್ಟಿಕೊಳ್ಳುವ ಕತ್ತಿ ಒರೆ ಬಿಟ್ಟು ಬರಲೊಲ್ಲದು!

ಸೈನಿಕ ತರಬೇತಿ ಶಾಲೆಯಲ್ಲಿ ಮರದ ಬಂದೂಕು, ಗುಂಡಿಲ್ಲದ ಫಿರಂಗಿ, ಈ ಕತ್ತಿ ಎಲ್ಲಕ್ಕೂ ನಮ್ಮ ಉಗ್ರಾಣಿಯೇ ಒಡೆಯ. ಬಂದು ಮೂರೇ ತಿಂಗಳು. ಪೆರೇಡು ಸಾಂಗವಾಗಿ ನಡೆದರೆ ಕೆಲಸ ಖಾಯಂ ಎಂದು ಸಾಹೇಬರು ಮಾತು ಕೊಟ್ಟಿದ್ದರು. "ಕತ್ತೀನ ಮೇಲೆ ಮೇಲೆ ಒರೆಸಿ ಕೊಡಪ್ಪ, ಎಳೆಯೋಕೆ ಹೋಗ್ಬೇಡ" ಎಂದು ಹಳೆಯ ಉಗ್ರಾಣಿ ಹೇಳಿಹೋಗಿದ್ದ. ಸೋಮಾರಿ ಮುದುಕ ಎಂದು ಇವನು ನಕ್ಕಿದ್ದ.

"ತುಕ್ಕು ಅಷ್ಟೆ. ನನ್ನ ಕೈಗೆ ಸಿಕ್ಮೇಲೆ ಬರದೆ ಎಲ್ಲಿಗೆ ಹೋಗುತ್ತೆ?" ಎಂದು ಈಗ ತೋಳೇರಿಸಿದ.

ಅಡುಗೆಯವನು ಒರೆಯ ಬಾಯಿಗೆ ಸೌಟುಗಟ್ಟಲೆ ಎಣ್ಣೆ ಸುರಿದ. ಬ್ಯಾಂಡಿನ ಡೋಲಿನವನು ಒರೆ ಹಿಡಿದು ಎಳೆದ. ಕೈ ಜಾರಿ ತನ್ನ ಡೋಲಿನ ಮೇಲೇ ಕೂತ. ಡೋಲು ಹರಿಯಿತು, ಕತ್ತಿ ಕದಲಲಿಲ್ಲ.

ಬುತ್ತಿ ತಂದ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಬಾಟ್ಲಿ ಮುಚ್ಚಳ ತೆಗೆಯೋಕೇ ನನ್ನ ಕರೀತೀರ, ಕತ್ತಿಗೆ ಕೈ ಹಾಕಿದ್ರಾ? ಸರೀರಿ ಆಕಡೆ!"

ಒರೆಯ ಮೇಲೆ ಕುದಿನೀರು ಹೊಯ್ದಳು. ಒಳಗಿಂದ ಅಂಟಂಟಾಗಿ ಏನೋ ಒಸರಿ ಕತ್ತಿ ಸರಕ್ಕನೆ ಈಚೆ ಬಂತು.

"ನೋಡಿದ್ರಾ, ಹೇಗೆ ತೆಗೆದೆ!" ಎಂದ ಉಗ್ರಾಣಿ.

ಪೆರೇಡಿನಲ್ಲಿ ಸಾಹೇಬರು ಎಂದಿನಂತೆ ಹಿಡಿಗೆ ಕೈಯಿಟ್ಟು ಗತ್ತಿನಿಂದ ಒಮ್ಮೆ ಅಲುಗಿಸಿದರು. ಕತ್ತಿ ಫಳಫಳನೆ ಆಕಾಶಕ್ಕೆ ಎದ್ದಿತು. ಜನ ಚಪ್ಪಾಳೆ ತಟ್ಟಿದರು, ಸಾಹೇಬರು ಬೆವರಿದರು. ವಾಪಸ್ಸು ಹಾಕಲು ಹೋದರೆ ಮೊದಲು ಬೆಲ್ಟಿಗೆ ತಾಗಿತು, ಆಮೇಲೆ ಜೇಬಿಗೆ ಹೊಕ್ಕಿತು. ಡೋಲಿಲ್ಲದ ಬ್ಯಾಂಡು ಅದೇ ರಾಗವನ್ನು ನಾಲ್ಕು ಸಲ ಬಾರಿಸಿತು. ಕೊನೆಗೆ ಸಾಹೇಬರು ಎತ್ತಿದ ಕತ್ತಿ ಹಿಡಿದೇ ನಡೆದು ಕಚೇರಿ ಸೇರಿದರು.

"ಇದನ್ನ ಬಿಡಿಸಿದ್ದು ಯಾರು?"

"ನಾನೇ ಸಾರ್!" ಉಗ್ರಾಣಿ ಎದೆಯುಬ್ಬಿಸಿದ.

"ಅಯ್ಯೋ ಪುಣ್ಯಾತ್ಮ! ಒಳಗೆ ಹಾಕೋಕೆ ಹೋಗಿ ಹಿಂದೊಂದ್ಸಲ ತೊಡೆಗೆ ಚುಚ್ಕೊಂಡು ಆರು ಹೊಲಿಗೆ ಹಾಕಿಸ್ಕೊಂಡಿದೀನಿ. ಆಮೇಲೆ ಗೋಂದು ಸುರಿದೋನು ನಾನೇ ಕಣಯ್ಯ! ನಾಳೆ ದೊಡ್ಡ ಸಾಹೇಬ್ರ ಎದುರು ಮತ್ತೆ ಪೆರೇಡಿದೆ. ಅಷ್ಟರಲ್ಲಿ ಇದು ಅಂಟಿರಬೇಕು. ಅಂಟಿದ್ರೆ ಖಾಯಂ, ಇಲ್ದಿದ್ರೆ ಮನೆಗೆ!"

"ಅದೇನು ಮಹಾ ಸಾರ್!"

ಉಗ್ರಾಣಿ ಒಂದು ಡಬ್ಬಿ ಗೋಂದನ್ನು ಪೂರ್ತಿ ಒರೆಗೆ ಸುರಿದು, ಕತ್ತಿ ತುರುಕಿ, ಕತ್ತಲಾಗುವವರೆಗೂ ಬಿಸಿಲಿಗೆ ಒಣಗಿಸಿದ. ಆಮೇಲೆ ಹಿಡಿ ಹಿಡಿದು ಹೆಮ್ಮೆಯಿಂದ ಮೇಲೆತ್ತಿದ.

ಒರೆ ಠಣ್ಣನೆ ಕಾಲ ಮೇಲೆ ಬಿತ್ತು. ಬೆಳಿಗ್ಗೆ ಕುಡಿಸಿದ ಎಣ್ಣೆ, ಗೋಂದು ಹಿಡಿಯದಷ್ಟು ಚೆನ್ನಾಗಿ ಇಳಿದಿತ್ತು.