ಬಂಡೆಗೆ ನೇತಾಡುವವರು ಉಪಚಾರದ ಮಾತು ಆಡದಿರುವ ಕುರಿತು

ಗುಡ್ಡ ಮತ್ತು ಮರ್ಯಾದೆ ಇಲಾಖೆ, ಸಿದ್ದಾಪುರ
ಸಂಖ್ಯೆ: ಗು.ಮ.ಇ/ಜಾರು/17/1998-99
ದಿನಾಂಕ: 12-1-1999

ಉಲ್ಲೇಖ: ಈ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಶ್ರೀ ರಘುಪತಿ ಅವರ ಮೌಖಿಕ ದೂರು (ಅರ್ಧ ಅಳು, ಅರ್ಧ ನಗು).

ಕಳೆದ ಭಾನುವಾರ ರಘುಪತಿಯವರ ಮಗಳು ಅಭಿಜ್ಞಾಳನ್ನು ನೋಡಲು ಬಂದ ವರ ಕಿಶೋರ ಅವರನ್ನು, ಅವಲಕ್ಕಿ ತಿನ್ನಿಸಿ, ಹೆಗ್ಗರಣೆ ಬಳಿಯ ಗುಡ್ಡಕ್ಕೆ ಕರೆದೊಯ್ಯಲಾಯಿತು. ಇಷ್ಟು ಒಳ್ಳೆಯ ಸಂಬಂಧ ಎಲ್ಲಿ ಕೈತಪ್ಪುವುದೋ ಎಂದು ರಘುಪತಿಯವರಿಗೆ ವಾರದಿಂದ ಅನ್ನ ಸೇರಿರಲಿಲ್ಲ. ತುದಿಯ ಹತ್ತಿರ ವರನ ಕಾಲೇ ಜಾರಿ, ಅವರು ಒಂದು ಬೇರು ಹಿಡಿದು ನೇತಾಡತೊಡಗಿದರು. ಅಭಿಜ್ಞಾ ದುಪಟ್ಟಾ ಇಳಿಬಿಟ್ಟಳು. ಮೊದಲ ಸಲ ಬೇಡವೆನ್ನುವುದೇ ಮರ್ಯಾದೆಯೆಂದು ಬೆಳೆದ ವರ, "ಬ್ಯಾಡ, ನಿಮಗೆ ಸುಮ್ನೆ ತ್ರಾಸು" ಎಂದರು. ರಘುಪತಿಯವರು ಅಭ್ಯಾಸಬಲದಿಂದ, ಸಂಕೋಚ ಬೇಡವೆಂದು ಪಾಯಸ ಬಡಿಸುವ ದನಿಯಲ್ಲಿ ಒತ್ತಾಯಿಸುತ್ತಲೇ ನಿಂತರು. ಕೊನೆಗೆ ಅಭಿಜ್ಞಾ, "ಆನು ಇನ್ನೊಂದ್ಸಲ ಕೇಳ್ತ್ನಿಲ್ಲೆ. ಹಿಡ್ಕ" ಎಂದಳು. ವರ ಹಿಡಿದರು.

ಆದ್ದರಿಂದ ಸಮಸ್ತರ ಗಮನಕ್ಕೆ ತರಲಾಗಿದೆ:

1. ನೇತಾಡುವವರು ಚಾಚಿದ ಕೈಯನ್ನು ಮೊದಲ ಸಲವೇ ಹಿಡಿಯತಕ್ಕದ್ದು. ಬೇಡವೆನ್ನುವ ಸೌಲಭ್ಯವನ್ನು ಸಮತಟ್ಟು ನೆಲಕ್ಕೆ ಮಾತ್ರ ಸೀಮಿತಗೊಳಿಸಿದೆ.

2. ಅವರ ಊರು, ಮನೆತನ, ಅಜ್ಜನ ಮನೆಯ ಕಡೆಯ ನೆಂಟಸ್ತಿಕೆ ಇತ್ಯಾದಿಗಳನ್ನು ಮೇಲೆಳೆದ ನಂತರವೇ ವಿಚಾರಿಸತಕ್ಕದ್ದು.

3. ಹಿರಿಯರಿಗೆ ದಾರಿ ಬಿಡಲು ಹಿಂದೆ ಸರಿಯುವವರು, ಹಿಂದೆ ನೆಲವಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

4. ತುದಿಯಲ್ಲಿ ಕಾಲಿಗೆ ಬೀಳುವುದನ್ನು ನಿಷೇಧಿಸಿದೆ. ಹಾಗೆ ಬೀಳುವವರು ಬಹಳ ದೂರ ಬೀಳುವ ಸಂಭವವಿದೆ. ಆಶೀರ್ವಾದವನ್ನು ತಪ್ಪಲಿನಲ್ಲಿ ಪಡೆಯಬಹುದು.

5. "ಹೊರಟೆವು" ಎಂದು ಎದ್ದು, ಬಾಗಿಲಲ್ಲಿ ಮತ್ತೊಂದು ತಾಸು ಮಾತಾಡುವ ಪದ್ಧತಿಯು ಬಂಡೆಯ ಅಂಚಿಗೆ ಅನ್ವಯಿಸುವುದಿಲ್ಲ. ಅಲ್ಲಿಂದ ಹೊರಟವರು ನಿಜವಾಗಿಯೂ ಹೊರಟಂತೆಯೇ.

6. ಮೇಲೆ ಬಂದ ವರನಿಗೆ ಹುಡುಗಿ ಒಪ್ಪಿಗೆಯೇ ಎಂದು ಕೇಳಲು ರಘುಪತಿಯವರು ಬಾಯಿ ತೆರೆಯುವಷ್ಟರಲ್ಲಿ, ವರ "ಒಪ್ಪಿಗೆ" ಎಂದುಬಿಟ್ಟಿದ್ದಾರೆ. ಇದನ್ನು ಸದರಿ ಸುತ್ತೋಲೆಯ ಪ್ರಥಮ ಪಾಲನೆಯೆಂದು ಪೂರ್ವಾನ್ವಯವಾಗಿ ದಾಖಲಿಸಿದೆ.

ಸಹಿ/-
ಅಧೀಕ್ಷಕರು
(ಕ್ರ.ಸಂ. 4ರ ಪ್ರಾತ್ಯಕ್ಷಿಕೆಯಲ್ಲಿ ಸೊಂಟ ಉಳುಕಿರುವುದರಿಂದ ಮಲಗಿಯೇ ಸಹಿ ಮಾಡಲಾಗಿದೆ.)

ಪ್ರತಿಗಳು:
1. ಶಿರಸಿಯ ಟೆಂಪೋ ಮಾಲೀಕ ಹಯಾತ್ ಸಾಹೇಬರಿಗೆ: ದಿಬ್ಬಣಕ್ಕೆ ಗಾಡಿ ಕಾಯ್ದಿರಿಸುವಂತೆ ಕೋರಿ.
2. ಸದರಿ ಬೇರಿಗೆ: ಕೃತಜ್ಞತೆಯೊಂದಿಗೆ.
3. ಕುಮಾರಿ ಅಭಿಜ್ಞಾ ಅವರಿಗೆ: ತಾವು ಒಪ್ಪಿದಿರೋ ಇಲ್ಲವೋ ಎಂದು ತಮ್ಮನ್ನು ಈವರೆಗೆ ಯಾರೂ ಕೇಳಿಲ್ಲವೆಂಬುದು ಕಚೇರಿಯ ಗಮನಕ್ಕೆ ಬಂದಿದೆ. ತಂದೆಯವರು ಇಡೀ ಕಚೇರಿಗೆ ಪೇಡೆ ಹಂಚಿ, ಸಿಬ್ಬಂದಿ ತಿಂದೂ ಆಗಿರುವುದರಿಂದ, ತಮ್ಮ ಉತ್ತರವನ್ನು ದಯಮಾಡಿ ಕೂಡಲೇ ತಿಳಿಸುವುದು.