ಧನುರ್ಮಾಸದಲ್ಲಿ ಕೂತ ಕಾರು

ಅಮೆರಿಕದಲ್ಲಿ ಕಾರು ಕೊಳ್ಳಲು ಬುದ್ಧಿ ಬೇಕಾಗಿಲ್ಲ. ಸಾಲ ಕೊಡುವವರು, ಬಣ್ಣ ಆರಿಸಿಕೊಡುವವರು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸುವವರು, ಎಲ್ಲರೂ ಅಂಗಡಿಯಲ್ಲೇ ಸಿಗುತ್ತಾರೆ. ಕೊಂಡ ಕಾರನ್ನು ಓಡಿಸದೆ ಇಟ್ಟುಕೊಳ್ಳಬೇಕು ನೋಡಿ, ಅದಕ್ಕೆ ಬುದ್ಧಿ ಬೇಕು. ಹಿಮ ಬೀಳುವ ಊರುಗಳಲ್ಲಿ ಜನ ಚಳಿಗಾಲಕ್ಕೆ ಕಾರಿಗೆ ಮುಸುಕು ಹೊದಿಸಿ ಮಲಗಿಸುತ್ತಾರಂತೆ. ನಾವಿದ್ದದ್ದು ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೋದಲ್ಲಿ. ಅಲ್ಲಿಯ ಚಳಿಗಾಲ ಬೆಳಿಗ್ಗೆ ಬಂದು, ಊಟಕ್ಕೂ ನಿಲ್ಲದೆ ಹೊರಟುಹೋಗುವಂಥದ್ದು. ಆದರೂ ನಮ್ಮ ಹೊಸ ಕಾರು ಒಂದು ಚಳಿಗಾಲ ಗ್ಯಾರೇಜಿನಲ್ಲಿ ಕೂತಿತ್ತು. ಕಾರಣ ಹಿಮವಲ್ಲ, ಧನುರ್ಮಾಸ.

ವರ್ಷಾಂತ್ಯದ ರಿಯಾಯಿತಿ ಎಂಬ ಬಲೆ ಡಿಸೆಂಬರಿನಲ್ಲೇ ಬೀಸುತ್ತಾರೆ. ನಾನು ಬಿದ್ದೆ. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ಅಂದರೆ ನನ್ನ ಹೆಂಡತಿ ವಸುಧಾಳ ತಾಯಿ, ವಿಷಯ ಕೇಳಿದವರೇ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು. "ಧನುರ್ಮಾಸದಲ್ಲಿ ಹೊಸ ಗಾಡಿ ಯಾರಾದ್ರೂ ಹೊರಡಿಸ್ತಾರಾ? ಸಂಕ್ರಾಂತಿ ಆಗ್ಲಿ." ಧನುರ್ಮಾಸಕ್ಕೆ ಅಮೆರಿಕದ ವೀಸಾ ಸಿಕ್ಕಿಲ್ಲ ಅತ್ತೆ ಎಂದೆ. ಅವರು ನಗಲಿಲ್ಲ. "ಸೂರ್ಯ ಅಲ್ಲಿಗೂ ಇಲ್ಲಿಗೂ ಒಬ್ಬನೇ ಅಲ್ವಾ?" ಎಂದರು. ಕಂಪ್ಯೂಟರ್ ಸೈನ್ಸಿನ ಸಿಲಬಸ್ಸಿನಲ್ಲಿ ಸೂರ್ಯ ಬರುವುದಿಲ್ಲ. ಹಾಗಾದರೆ ಕಾರು ಮನೆಗೆ ಬರುವುದು ಹೇಗೆ? ಅದಕ್ಕೂ ಅವರ ಬಳಿ ದಾರಿಯಿತ್ತು. ಮಾರಿದವನೇ ತಂದು ಬಿಟ್ಟರೆ ಅದು ಅವನ ಸವಾರಿ, ನಮ್ಮದಲ್ಲ. ಅಳಿಯ ಅಲ್ಲ, ಮಗಳ ಗಂಡ ಎನ್ನುತ್ತಾರಲ್ಲ, ಅಂಥ ತರ್ಕ. ಅಳಿಯನೂ ಮಗಳ ಗಂಡನೂ ನಾನೇ ಆದ್ದರಿಂದ ಅಂಗಡಿಯವನಿಗೇ ತಂದು ಬಿಡಲು ಹೇಳಿದೆ.

ತೀರ್ಮಾನ ಹೀಗಾಯಿತು. ಸಂಕ್ರಾಂತಿಯ ಬೆಳಿಗ್ಗೆ, ರಾಹುಕಾಲ ಬರುವ ಮೊದಲು, ಪೂಜೆಯಾಗಿ ಕಾರು ನಿಂಬೆಹಣ್ಣಿನ ಮೇಲೆ ಹತ್ತಬೇಕು. ಮೊದಲ ಸವಾರಿ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿಗೆ, ಅಲ್ಲಿಯ ದೇವಸ್ಥಾನದ ಮೀನಾಕ್ಷಿಯ ದರ್ಶನಕ್ಕೆ. ಅದಾದ ಮರುದಿನವೇ ಅತ್ತೆಗೆ ಊರಿಗೆ ವಿಮಾನ. ಇಷ್ಟು ತಿಂಗಳು ನಮ್ಮಲ್ಲಿದ್ದು ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. "ಇದೊಂದು ತಪ್ಪಿದ್ರೆ ನೋಡಿ ಮತ್ತೆ" ಎಂದು ವಸುಧಾ ವಾಕ್ಯವನ್ನು ಅಲ್ಲಿಗೇ ಬಿಟ್ಟಳು. ಅವಳು ಪೂರ್ತಿ ಮಾಡದ ವಾಕ್ಯಗಳಿಗೇ ನಾನು ಹೆಚ್ಚು ಹೆದರುವುದು.

ಪಕ್ಕದ ಮನೆಯ ಕುಲಕರ್ಣಿಯವರು ಧಾರವಾಡದವರು, ನಡುವೆ ಕೆಲವು ವರ್ಷ ಮಿನೆಸೋಟಾದ ಹಿಮದಲ್ಲಿ ಹದವಾದವರು. ಕೇಳದೆ ಸಲಹೆ ಕೊಡುವುದು ಅವರ ಹವ್ಯಾಸ. "ನಿಂತ ಗಾಡಿ ಬ್ಯಾಟರಿ ಇಳೀತದರಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದ್ ರೌಂಡ್ ಹೊಡ್ಕೊಂಡ್ ಬರ್ರಿ. ಇಲ್ಲಾಂದ್ರ ಮೈನಸ್ ವೈರ್ ಬಿಚ್ಚಿ ಇಟ್ಟುಬಿಡ್ರಿ" ಎಂದರು. ಸ್ಟಾರ್ಟ್ ಮಾಡಲು ಅತ್ತೆ ಬಿಡಲಿಲ್ಲ. ಗಾಲಿ ತಿರುಗದಿದ್ದರೂ ಹೊಗೆ ಬಂದರೆ ಅದು ಆರಂಭವೇ ಅಂತೆ. ವೈರು ಬಿಚ್ಚಲು ನಾನು ಬಿಡಲಿಲ್ಲ. "ನಿಮ್ಮದು ಮಿನೆಸೋಟಾ ಬ್ಯಾಟರಿ ಕುಲಕರ್ಣಿಯವರೇ, ಇದು ಟೆಕ್ಸಸ್ ಬ್ಯಾಟರಿ, ಇದಕ್ಕೆ ನೆಗಡಿ ಆಗಲ್ಲ" ಎಂದು ನಕ್ಕೆ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಆಫೀಸಿನಲ್ಲೂ ಇಬ್ಬರಿಗೆ ಹೇಳಿದೆ.

ನನ್ನ ಆತಂಕವೆಲ್ಲ ಬೇರೆಯದರ ಮೇಲಿತ್ತು. ನಾನು ಹೊಸ ಕಾರಿನ ಬಾಗಿಲಿನ ವಿಷಯದಲ್ಲಿ ಸ್ವಲ್ಪ ಅತಿ. ಬೆಂಗಳೂರಿನಲ್ಲಿ ಯಾರದೋ ಕಾರಿನ ಬಾಗಿಲನ್ನು ಧಡ್ ಎಂದು ಹಾಕಿ, "ಏನ್ ಸಾರ್, ಫ್ರಿಜ್ ಬಾಗಿಲಾ ಅದು?" ಎಂದು ಬೈಸಿಕೊಂಡು ಬೆಳೆದ ಪೀಳಿಗೆ ನಮ್ಮದು. ಆ ಬೈಗುಳವನ್ನು ಮುಂದಿನವರಿಗೆ ದಾಟಿಸಲು ಸ್ವಂತದ್ದೊಂದು ಹೊಸ ಕಾರು ಬೇಕಿತ್ತು, ಅಷ್ಟೆ. ಅತ್ತೆ ದಿನಾ ಸ್ನಾನ ಮಾಡಿ, ಗ್ಯಾರೇಜಿಗೆ ಹೋಗಿ, ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಒಂದು ಹೂವಿಟ್ಟು ಬರುತ್ತಿದ್ದರು. ಮೊದಲ ದಿನವೇ ಸದ್ದು ಕೇಳಿ ಓಡಿಹೋದೆ. "ಅತ್ತೆ, ಮೆತ್ತಗೆ ಹಾಕಿ, ಹೊಸ ಕಾರು." ಆಮೇಲೆ ಸದ್ದು ಬರಲಿಲ್ಲ. ಹೇಳಿದರೆ ಕೇಳುವವರು ಮನೆಯಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ವಸುಧಾಳಿಗೆ ಕೇಳಿಸುವಂತೆ ಹೊಗಳಿದೆ ಕೂಡ.

ಸಂಕ್ರಾಂತಿ ಶನಿವಾರ ಬಂತು. ಶಾಸ್ತ್ರಿಗಳು ಬಂದರು. ವಾರಕ್ಕೆ ಐದು ದಿನ ಸಾಫ್ಟ್‌ವೇರ್ ಟೆಸ್ಟಿಂಗ್, ಎರಡು ದಿನ ಪೌರೋಹಿತ್ಯ ಅವರದು. ನಾಲ್ಕು ಮನೆಯವರು ಎಳ್ಳುಬೆಲ್ಲದ ಡಬ್ಬಿ ಹಿಡಿದು ನಿಂತರು. ಅರಿಶಿನ ಕುಂಕುಮ ಆಯಿತು, ಮಂಗಳಾರತಿ ಆಯಿತು, ಚಕ್ರಗಳ ಹಿಂದೆ ನಿಂಬೆಹಣ್ಣು ಇಟ್ಟದ್ದಾಯಿತು. ನಾನು ರೇಷ್ಮೆ ಪಂಚೆಯಲ್ಲಿ ಸ್ಟೀರಿಂಗ್ ಮುಂದೆ ಕೂತು ಕೀ ತಿರುಗಿಸಿದೆ. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಅದೂ ಅನ್ನಲಿಲ್ಲ. ಅತ್ತೆಯ ಮುಖ ನೋಡಿದೆ. ಅವರು ಗೋಡೆ ಗಡಿಯಾರ ನೋಡುತ್ತಿದ್ದರು.

ಕುಲಕರ್ಣಿಯವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಆಚೆ ಬದಿಯ ಬಾಗಿಲ ಹತ್ತಿರ ನಿಂತರು. "ಬಾಗಲಾ ಪೂರಾ ಹತ್ತಿಲ್ರಿ. ಒಳಗಿನ ಲೈಟು ಹಗಲೂ ರಾತ್ರಿ ಉರದು ಬ್ಯಾಟರಿ ಪೂರಾ ಕುಡದು ಬಿಟ್ಟದ. ಇದೇನ್ ನೆಗಡಿ ಅಲ್ರಿ, ಸತ್ತೇ ಹೋಗ್ಯದ."

"ನೀವೇ ಹೇಳಿದ್ರಲ್ಲ, ಮೆತ್ತಗೆ ಹಾಕಿ ಅಂತ" ಎಂದರು ಅತ್ತೆ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟ. ವಸುಧಾ ಮಾತ್ರ ಆರತಿ ತಟ್ಟೆ ಹಿಡಿದುಕೊಂಡೇ "ಮಾಡಿದ್ದುಣ್ಣೋ ಮಹರಾಯ" ಎಂದು ಈ ಸಲ ವಾಕ್ಯ ಪೂರ್ತಿ ಮಾಡಿದಳು.

ಹೊರಗೆ ನಿಂತಿದ್ದ ನಮ್ಮ ಹಳೆಯ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಡಬಹುದಿತ್ತು. ಆದರೆ ಹೊಸದರ ಮೂತಿ ಗ್ಯಾರೇಜಿನ ಗೋಡೆಗಿತ್ತು, ಕೇಬಲ್ ಎಟುಕಲಿಲ್ಲ. ರಾಹುಕಾಲ ಹತ್ತಿರ ಬರುತ್ತಿತ್ತು. ಶಾಸ್ತ್ರಿಗಳು ಟೆಸ್ಟಿಂಗ್‌ನವರ ಗಾಂಭೀರ್ಯದಿಂದ ತೀರ್ಪು ಕೊಟ್ಟರು. "ಗಾಲಿ ನಿಂಬೆಹಣ್ಣಿನ ಮೇಲೆ ಹತ್ತಬೇಕು, ಅಷ್ಟೇ ರಿಕ್ವೈರ್‌ಮೆಂಟು. ಅದರಲ್ಲಿ ಎಂಜಿನ್ ಎಲ್ಲೂ ಬರಲ್ಲ." ಅತ್ತೆ ತಲೆಯಾಡಿಸಿದರು. ಬ್ಯಾಟರಿ ಸತ್ತರೆ ಗೇರೂ ಕದಲುವುದಿಲ್ಲ, ಆದ್ದರಿಂದ ಕುಲಕರ್ಣಿಯವರು ಗೇರಿನ ಪಕ್ಕದ ಸಣ್ಣ ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಒತ್ತಿ ನ್ಯೂಟ್ರಲ್ ಮಾಡಿದರು. ಪಂಚೆ ಎತ್ತಿ ಕಟ್ಟಿದ ನಾಲ್ಕು ಜನ ಸೀನಿಯರ್ ಎಂಜಿನಿಯರುಗಳು ನೂಕಿದರು. ಹೀಗೆ ನಮ್ಮ ಇನ್ನೂರು ಕುದುರೆ ಶಕ್ತಿಯ ಕಾರು ಶುಭ ಮುಹೂರ್ತದಲ್ಲಿ ಮನುಷ್ಯ ಶಕ್ತಿಯಿಂದ, ಅದೂ ಹಿಮ್ಮುಖವಾಗಿ, ನಿಂಬೆಹಣ್ಣು ಚಚ್ಚಿ ಲೋಕಕ್ಕೆ ಕಾಲಿಟ್ಟಿತು. ಆಮೇಲೆ ಹಳೆಯ ಕಾರು ಅದಕ್ಕೆ ಜೀವ ಕೊಟ್ಟಿತು. ಆ ಡಬ್ಬವನ್ನು ಮಾರಿಬಿಡಬೇಕೆಂದು ನಾನು ಹಿಂದಿನ ವಾರವಷ್ಟೇ ಭಾಷಣ ಮಾಡಿದ್ದೆ.

"ಹ್ಯೂಸ್ಟನ್ ಮುಟ್ಟೋ ತನಕಾ ಎಂಜಿನ್ ಬಂದ್ ಮಾಡಬ್ಯಾಡ್ರಿ" ಎಂದು ಕುಲಕರ್ಣಿಯವರು ಬೀಳ್ಕೊಟ್ಟರು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಮಗುವಿಗೆ ಹೊದಿಕೆ ಸರಿಮಾಡುವ ಹಾಗೆ ಬಾಗಿಲು ಎಳೆದುಕೊಂಡರು. ಡಲ್ಲಾಸ್ ದಾಟುವ ಮೊದಲೇ ಕಾರು ಟಿಣ್ ಟಿಣ್ ಎನ್ನತೊಡಗಿತು. ಬಾಗಿಲು ಸರಿಯಾಗಿ ಮುಚ್ಚಿಲ್ಲ ಎಂಬ ಕೆಂಪು ದೀಪ ಬೇರೆ. "ಅತ್ತೆ, ಸ್ವಲ್ಪ ಜೋರಾಗಿ ಎಳೀರಿ" ಎಂದೆ. "ಪರವಾಗಿಲ್ಲ ಬಿಡಿ, ಹಿಡ್ಕೊಂಡಿದೀನಿ" ಎಂದರು. ಹೆದ್ದಾರಿ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಎಂಜಿನ್ ಬಂದ್ ಮಾಡದೆ ಇಳಿದು, ಹಿಂದಕ್ಕೆ ಹೋಗಿ, ಅಷ್ಟೂ ದಿನದ ಸಿಟ್ಟನ್ನೆಲ್ಲ ಸೇರಿಸಿ ಬಾಗಿಲನ್ನು ಧಡ್ ಎಂದು ಹಾಕಿದೆ.

ಅತ್ತೆ ಕಿಟಕಿಯ ಗಾಜು ಇಳಿಸಿದರು.

"ಮೆತ್ತಗೆ ಹಾಕಿ," ಎಂದರು, "ಹೊಸ ಕಾರು."