ನುಡಿಯಬಾರದಿದ್ದ ಕಿಡಿ

ಹೆಂಡತಿಯ ಮುಂದೆ ಆಡಿದ ಒಂದು ಸಣ್ಣ ಸುಳ್ಳಿನಿಂದ ಯಾರ ಗಂಟೂ ಹೋಗುವುದಿಲ್ಲ ಎಂದು ಮಿಂಚುರಾಯರು ನಂಬಿಕೊಂಡಿದ್ದರು. ಗಂಟು ಹೋಗಲಿಲ್ಲ ನಿಜ. ಹೋದದ್ದು ಕೆಳಮನೆಯ ಅಜ್ಜಿಯ ಜೀವ. ಅದನ್ನು ತೆಗೆದವರು ತಾವಲ್ಲ ಎಂದು ತೋರಿಸಬೇಕಾದರೆ ಆ ಸುಳ್ಳನ್ನು ಹತ್ತು ಜನರ ಮುಂದೆ ಬಿಚ್ಚಿಡಬೇಕು ಎನ್ನುವ ಹೊತ್ತಿಗೆ ಸುಳ್ಳಿಗೆ ಮೂರು ವರ್ಷ ತುಂಬಿತ್ತು.

ಮಿಂಚುರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ವಠಾರದವರು ಅಂಟಿಸಿದ್ದು. ಅವರಿಗೆ ಕೆಲಸ ಹೊಲಿಗೆ ಯಂತ್ರ ಮಾರುವ ಅಂಗಡಿಯಲ್ಲಿ. ಒಮ್ಮೆ ಯಾವುದೋ ವಿಜ್ಞಾನ ಪ್ರದರ್ಶನಕ್ಕೆ ಹೋದವರು ಅಲ್ಲಿ ಟೆಸ್ಲಾ ಕಾಯಿಲ್ ಹಾಡುವುದನ್ನು ಕಂಡರು. ಆಳೆತ್ತರದ ಕೊಳವೆ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ, ತುದಿಯಲ್ಲಿ ನೇರಳೆ ಮಿಂಚು. ಆ ಮಿಂಚೇ ರಾಗವಾಗಿ ಕೇಳುತ್ತಿತ್ತು. ರಾಯರು ಬಾಯಿ ತೆರೆದುಕೊಂಡು ನಿಂತರು, ಫೋನಿನಲ್ಲಿ ಆ ರಾಗವನ್ನು ಹಿಡಿದುಕೊಂಡರು, ಮನೆಗೆ ಬಂದವರೇ ನಾನೂ ಒಂದು ಮಾಡುತ್ತೇನೆ ಎಂದು ಹೆಂಡತಿಗೆ ಹೇಳಿದರು. ಆಕೆ "ಮಾಡಿ" ಅಂದಳು. ಬೇಡ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಕಾಯಿಲ್ ಸುತ್ತುವುದೇನೂ ಕಷ್ಟವಾಗಲಿಲ್ಲ. ಹಳೆಯ ಹೊಲಿಗೆ ಯಂತ್ರದ ಮೋಟಾರಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ನೂಲು ಸುತ್ತಿದ ಹಾಗೆ ತಂತಿ ಸುತ್ತಿದರು. ಕಾಟ ಕೊಟ್ಟದ್ದು ಕಂಟ್ರೋಲರ್. ಕಂಟ್ರೋಲರ್ ಅಂದರೆ ಮಿಂಚಿಗೆ ತಾಳ ಹಾಕುವ ಪೆಟ್ಟಿಗೆ. ಈ ಸ್ವರಕ್ಕೆ ಸೆಕೆಂಡಿಗೆ ಇಷ್ಟು ಸಲ, ಆ ಸ್ವರಕ್ಕೆ ಅಷ್ಟು ಸಲ ಎಂದು ಕರೆಂಟನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದರೆ ಕಿಡಿ ಹಾಡುತ್ತದೆ. ರಾಯರು ತಮ್ಮ ಊಟದ ಡಬ್ಬಿಯಲ್ಲೇ ಅದನ್ನು ಜೋಡಿಸಿದರು, ಪ್ರದರ್ಶನದಲ್ಲಿ ಕೇಳಿದ ರಾಗದ ಸ್ವರಗಳನ್ನು ಒಂದೊಂದಾಗಿ ಅದರೊಳಗೆ ತುಂಬಿದರು, ಅಂಗಡಿಗೆ ಪ್ಲಾಸ್ಟಿಕ್ ಕವರಿನಲ್ಲಿ ಊಟ ಒಯ್ಯತೊಡಗಿದರು. ಆದರೆ ಸ್ವಿಚ್ ಹಾಕಿದಾಗಲೆಲ್ಲ ಸಾಸಿವೆಯಷ್ಟು ಕಿಡಿ ಹಾರಿ, ಟುಸ್ ಎಂದು, ಡಬ್ಬಿಯ ದೀಪ ಆರಿ, ಸುಟ್ಟ ವಾಸನೆ ಬರುತ್ತಿತ್ತು. ಯಾಕೆ ಹೀಗಾಗುತ್ತದೆ ಎಂದು ಅವರಿಗೆ ತಿಳಿಯಲೇ ಇಲ್ಲ.

ಅಷ್ಟರಲ್ಲಿ ಎದುರುಮನೆಯಾಕೆ ನೀರಿನ ನಲ್ಲಿಯ ಹತ್ತಿರ ರಾಯರ ಹೆಂಡತಿಯನ್ನು ನಿಲ್ಲಿಸಿ, "ಏನಮ್ಮ, ನಿಮ್ಮ ಯಜಮಾನ್ರ ಗುಡುಗು ಮಿಂಚು ಎಲ್ಲಿಗ್ ಬಂತು, ಹನಿ ಆದ್ರೂ ಬೀಳುತ್ತಾ?" ಎಂದು ನಕ್ಕಳು. ಹೆಂಡತಿ ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು. ಆ ಸಂಜೆ ರಾಯರು ಕೋಣೆಯ ಬಾಗಿಲು ಹಾಕಿಕೊಂಡು, "ಒಳಗ್ ಬರ್ಬೇಡ, ಸುಟ್ಟುಹೋಗ್ತೀಯ" ಎಂದು ಎಚ್ಚರಿಸಿ, ಫೋನನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿ ಪ್ರದರ್ಶನದ ರಾಗವನ್ನು ಹಾಕಿಬಿಟ್ಟರು. ವಠಾರವೆಲ್ಲ ಕೇಳಿಸಿಕೊಂಡಿತು. ಹೆಂಡತಿ ಆ ರಾತ್ರಿ ತಲೆಯೆತ್ತಿಕೊಂಡು ನೀರಿಗೆ ಹೋದಳು.

ಒಮ್ಮೆ ಹಾಡಿದ ಯಂತ್ರ ಮಾರನೆಯ ದಿನ ಸುಮ್ಮನಿದ್ದರೆ ಜನ ಕೇಳುತ್ತಾರಲ್ಲ. ಹಾಗಾಗಿ ದಿನಾ ಸಂಜೆ ಹಾಕಬೇಕಾಯಿತು. ಅದಕ್ಕೆ ಒಬ್ಬರು ಖಾಯಂ ಕೇಳುಗರೂ ಸಿಕ್ಕರು. ಕೆಳಗಿನ ಮನೆಯಲ್ಲಿದ್ದ ಅಜ್ಜಿ, ವಠಾರದ ಮಾಲೀಕನ ತಾಯಿ. ರಾಗ ಮುಗಿದೊಡನೆ ಕೋಲಿನಿಂದ ಸೂರಿಗೆ ಕುಟ್ಟಿ ಇನ್ನೊಮ್ಮೆ ಎನ್ನುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ, "ನಿನ್ನ ಮಿಂಚು ಚೆನ್ನಾಗ್ ಹಾಡುತ್ತಪ್ಪ, ನಂಗೆ ನಿದ್ದೆ ಬರೋದೇ ಅದು ಕೇಳಿ" ಎನ್ನುತ್ತಿದ್ದರು. ರಾಯರಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಸಾಯುವುದರೊಳಗೆ ಈಕೆಗೆ ನಿಜವಾದ ಕಿಡಿಯ ರಾಗ ಕೇಳಿಸಬೇಕು ಎಂದು ಅವರು ಎಷ್ಟೋ ಸಲ ಮನಸ್ಸಿನಲ್ಲೇ ಶಪಥ ಮಾಡಿದ್ದರು. ಆ ಅಜ್ಜಿಯ ಎದೆಯಲ್ಲಿ ಪೇಸ್‌ಮೇಕರ್ ಇತ್ತು.

ಹೀಗೇ ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ರಾಗ ಮುಗಿದರೂ ಕೋಲಿನ ಸದ್ದು ಬರಲಿಲ್ಲ. ಬದಲಿಗೆ ಮಾಲೀಕನ ಕೂಗು ಬಂತು. ಅಜ್ಜಿ ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದರು. ಐದು ನಿಮಿಷಕ್ಕೆಲ್ಲ ಜನ ಮೇಲೆ ಬಂದು ರಾಯರ ಬಾಗಿಲು ಬಡಿದರು. ಒಳಗೆ ಬಂದವರು ಫೋನು, ಸ್ಪೀಕರು ನೋಡಿದರೆ ಹೆಂಡತಿಗೆ ಗುಟ್ಟು ಗೊತ್ತಾಗುತ್ತದೆ ಎಂಬ ಒಂದೇ ಭಯಕ್ಕೆ ರಾಯರು ಸ್ಪೀಕರನ್ನು ಮಂಚದ ಕೆಳಗೆ ತಳ್ಳಿ, ಫೋನಿನಲ್ಲಿದ್ದ ರಾಗವನ್ನು ಅಳಿಸಿಬಿಟ್ಟರು. ಆಮೇಲೆ ಬಾಗಿಲು ತೆರೆದರು.

"ಎದೇಲಿ ಮಿಷನ್ ಇರೋರ ಹತ್ರ ಇಂಥ ಕರೆಂಟಿನ ಆಟ ಆಡ್ಬಾರ್ದು ಅಂತ ಈಗ ಫೋನ್ ಮಾಡ್ದಾಗ ಡಾಕ್ಟ್ರು ಹೇಳಿದ್ರು" ಎಂದ ಮಾಲೀಕ. ಅವನ ಕಣ್ಣು ಕೆಂಪಾಗಿತ್ತು.

ಬೆಳಗಾಗುವ ಹೊತ್ತಿಗೆ ವಠಾರದಲ್ಲಿ ಮೂರು ವರ್ಷದಿಂದ ಕೆಟ್ಟ ಸಾಮಾನುಗಳೆಲ್ಲ ಎದ್ದು ಸಾಕ್ಷಿ ಹೇಳತೊಡಗಿದವು. ಒಬ್ಬರ ಬಲ್ಬು, ಒಬ್ಬರ ಟೀವಿ, ಮೂಲೆಮನೆಯವರ ಗಡಿಯಾರ. ಎದುರುಮನೆಯಾಕೆಯ ತಲೆಕೂದಲು ಉದುರುತ್ತಿದ್ದುದಕ್ಕೂ ಆ ಮಿಂಚೇ ಕಾರಣವಾಯಿತು. ನಿವೃತ್ತ ಲೈನ್‌ಮನ್ ಒಬ್ಬರು ಪಡಸಾಲೆಯಲ್ಲಿ ಕೂತು, ಯಾರೂ ಕೇಳದಿದ್ದರೂ, "ನಾನ್ ಅವತ್ತೇ ಹೇಳಿದ್ದೆ" ಎನ್ನುತ್ತಿದ್ದರು. ಅವರು ಅವತ್ತು ಏನೂ ಹೇಳಿರಲಿಲ್ಲ. ರಾಯರು ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋದರೆ ಸುದ್ದಿ ಅವರಿಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕೂತಿತ್ತು.

"ಇವತ್ತು ರಜ ತಗೊಳ್ಳಿ" ಎಂದರು ಸಾಹುಕಾರರು. "ನಾಳೆ?" ಎಂದರು ರಾಯರು. "ನಾಳೇದು ಪೊಲೀಸ್ನೋರ್ನ ಕೇಳ್ಕೊಂಡು ಹೇಳ್ತೀನಿ."

ವಾಪಸು ಬರುವಾಗ ದಾರಿಯುದ್ದಕ್ಕೂ ರಾಯರು ಲೆಕ್ಕ ಹಾಕಿದರು. ಯಂತ್ರ ಹಾಡಿತ್ತು ಎಂದರೆ ಜೈಲು. ಹಾಡಿರಲಿಲ್ಲ ಎಂದರೆ ಹೆಂಡತಿಯ ಮುಂದೆ, ಅದಕ್ಕಿಂತ ಹೆಚ್ಚಾಗಿ ಎದುರುಮನೆಯಾಕೆಯ ಮುಂದೆ, ಮೂರು ವರ್ಷದ ಮಾನ ಹರಾಜು. ಮಾನ ಹೋದರೆ ಮತ್ತೆ ಮೆಲ್ಲಗೆ ಕೂಡಿಸಿಕೊಳ್ಳಬಹುದು, ಜೈಲಿನಲ್ಲಿ ಕೂತು ಏನು ಕೂಡಿಸುವುದು? ವಠಾರದ ಬಾಗಿಲು ದಾಟುವಷ್ಟರಲ್ಲಿ ಅವರು ಗಟ್ಟಿ ಮನಸ್ಸು ಮಾಡಿದ್ದರು.

ಅಂಗಳದಲ್ಲಿ ಪೊಲೀಸ್ ಪೇದೆ ಸ್ಟೂಲಿನ ಮೇಲೆ ಕೂತಿದ್ದ. ಸುತ್ತ ವಠಾರವೆಲ್ಲ ನಿಂತಿತ್ತು. ಹೆಂಡತಿ ಮೆಟ್ಟಿಲ ಮೇಲೆ ಒಬ್ಬಳೇ ನಿಂತಿದ್ದಳು.

"ಆ ಯಂತ್ರ ಯಾವತ್ತೂ ಹಾಡಿಲ್ಲ ಸಾರ್" ಎಂದರು ರಾಯರು.

"ಹಾಡಿಲ್ವಾ? ಮತ್ತೆ ಇವರೆಲ್ಲ ಕೇಳಿದ್ದು?"

"ಫೋನಲ್ಲಿ ರೆಕಾರ್ಡ್ ಮಾಡಿದ್ದು. ಪ್ರದರ್ಶನದ್ದು. ಸ್ಪೀಕರಿಗೆ ಹಾಕ್ತಿದ್ದೆ."

ಎದುರುಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾವಿನ ಮನೆ ಎಂಬುದನ್ನೂ ಮರೆತು ನಾಲ್ಕು ಕಡೆಯಿಂದ ಕಿಸಕ್ಕೆಂದು ನಗು ಬಂತು. "ಮೂರು ವರ್ಷ ಕಟ್ಕೊಂಡ ಹೆಂಡ್ತಿಗೇ ಟೋಪಿ ಹಾಕಿದ್ರಲ್ಲ ರಾಯರೇ" ಎಂದಳು ಆಕೆ. "ಪಾಪ, ಇವಳು ನೋಡಿದ್ರೆ ನಲ್ಲಿ ಹತ್ರ ರಾಣಿ ಥರ ನಿಲ್ತಿದ್ಲು."

ರಾಯರು ಹೆಂಡತಿಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಅವರಿಗಿರಲಿಲ್ಲ.

"ಎಲ್ಲಿ, ಆ ರೆಕಾರ್ಡ್ ಹಾಕಿ" ಎಂದ ಪೇದೆ.

"ಅಳಿಸ್ಬಿಟ್ಟೆ ಸಾರ್."

"ಯಾವಾಗ?"

"ನಿನ್ನೆ. ಇವರೆಲ್ಲ ಬಾಗಿಲು ಬಡಿಯೋವಾಗ."

ಪೇದೆ ಮಾಲೀಕನ ಮುಖ ನೋಡಿದ, ಮಾಲೀಕ ಪೇದೆಯ ಮುಖ ನೋಡಿದ. ನಗು ನಿಂತಿತು. ತಾವು ಆಡಿದ ನಿಜ ಎಷ್ಟು ಸುಳ್ಳಿನ ಹಾಗೆ ಕೇಳುತ್ತಿದೆ ಎಂದು ರಾಯರಿಗೇ ಗೊತ್ತಾಯಿತು.

"ನಂಬಿಕೆ ಇಲ್ದಿದ್ರೆ ಇಲ್ಲೇ ತಂದು ಹಾಕಿ ತೋರಿಸ್ತೀನಿ" ಎಂದರು ಅವರು. "ಟುಸ್ ಅನ್ನುತ್ತೆ, ಅಷ್ಟೇ. ನಿಮ್ ಕಣ್ಣಾರೆ ನೋಡಿ."

ಕೆಡಬೇಕು ಎಂದು ಬೇಡಿಕೊಂಡು ಯಂತ್ರವನ್ನು ಜೋಡಿಸಿದ ಕುಶಲಕರ್ಮಿ ಲೋಕದಲ್ಲಿ ಅವರೊಬ್ಬರೇ ಇರಬೇಕು. ಕಾಯಿಲನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದು ಅಂಗಳದ ನಡುವೆ ನಿಲ್ಲಿಸಿದರು. ಡಬ್ಬಿ ತಂದಿಟ್ಟರು. ವಯರು ಎಳೆದರು. ಸ್ವಿಚ್ಚಿಗೆ ಕೈ ಹಾಕಬೇಕು, ಅಷ್ಟರಲ್ಲಿ ನಿವೃತ್ತ ಲೈನ್‌ಮನ್ ಪಡಸಾಲೆಯಿಂದ ಇಳಿದು ಬಂದರು. ಸಾವಿನ ಮನೆಯಾದರೇನು, ಮದುವೆ ಮನೆಯಾದರೇನು, ವಯರು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

"ತಡೀರಿ, ತಡೀರಿ. ಅರ್ಥಿಂಗ್ ಎಲ್ಲಿ ಕೊಟ್ಟಿದ್ದೀರಿ?"

"ಮನೇಲಿ ಅಡುಗೆಮನೆ ನಲ್ಲಿಗೆ ಕಟ್ತಿದ್ದೆ."

"ನಲ್ಲಿಗಾ? ಗೋಡೆ ಒಳಗೆ ಇರೋದು ಪ್ಲಾಸ್ಟಿಕ್ ಪೈಪ್ ಕಣ್ರೀ. ಅದಕ್ಕೆ ಕಟ್ಟಿದ್ರೂ ಒಂದೇ, ನಿಮ್ ಜುಟ್ಟಿಗೆ ಕಟ್ಟಿದ್ರೂ ಒಂದೇ. ಇಲ್ಲಿ ಇಷ್ಟು ಜನ ನಿಂತಿದ್ದಾರೆ, ಒಂದು ಹೆಣ ಬಿದ್ದಿದ್ದು ಸಾಲ್ದಾ?"

ಯಾರ ಅಪ್ಪಣೆಗೂ ಕಾಯದೆ ಅವರು ಎಲ್ಲಿಂದಲೋ ಒಂದು ಉದ್ದನೆಯ ಕಬ್ಬಿಣದ ಸರಳು ತಂದು ಹೂಕುಂಡಗಳ ಹತ್ತಿರ ನೆಲಕ್ಕೆ ಹೊಡೆದರು. ಎರಡು ಬಕೆಟ್ ನೀರು ಸುರಿದರು. ಕಾಯಿಲಿನ ಬುಡದ ತಂತಿಯನ್ನು ಅದಕ್ಕೆ ಬಿಗಿದರು. ರಾಯರು ಅದನ್ನೇ ನೋಡುತ್ತ ನಿಂತಿದ್ದರು. ಪ್ಲಾಸ್ಟಿಕ್ ಪೈಪು. ಮೂರು ವರ್ಷ ಡಬ್ಬಿ ಯಾಕೆ ಕೆಡುತ್ತಿತ್ತು, ಎಷ್ಟು ಬಿಡಿಭಾಗ ಯಾಕೆ ಸುಟ್ಟವು, ಎಲ್ಲ ಒಟ್ಟಿಗೆ ಅವರ ತಲೆಗೆ ಹೊಳೆಯಿತು. ಕಿಡಿಗೆ ಹೋಗಲು ನೆಲವಿಲ್ಲದೆ ಅದು ತಿರುಗಿ ಬಂದು ಡಬ್ಬಿಯನ್ನೇ ಕಚ್ಚುತ್ತಿತ್ತು. ಈಗ ನೆಲ ಸಿಕ್ಕಿದೆ.

"ಬೇಡ ಬಿಡಿ ಸಾರ್" ಎಂದರು ರಾಯರು. "ಇವತ್ತು ಬೇಡ. ಅಜ್ಜಿ ಹೋಗಿ ಇನ್ನೂ ಒಂದ್ ದಿನ ಆಗಿಲ್ಲ."

ಪೇದೆ ಸ್ಟೂಲಿನಿಂದ ಎದ್ದ. "ಯಾಕೆ, ಈಗ ಯಾಕೆ ಬೇಡ? ಹಾಕಿ."

"ಆ ತಂತಿ ಬಿಚ್ಚಿ ಹಾಕ್ತೀನಿ."

"ಯಾವ್ದನ್ನೂ ಬಿಚ್ಚೋ ಹಾಗಿಲ್ಲ" ಎಂದು ಪೇದೆ ತಾನೇ ಬಗ್ಗಿ ಸ್ವಿಚ್ ಒತ್ತಿದ.

ಮೊದಲು ಸಾಸಿವೆಯಷ್ಟು ಕಿಡಿ ಬಂತು. ಆಮೇಲೆ ತೋಳಿನಷ್ಟು ಉದ್ದದ ನೇರಳೆ ಮಿಂಚು ಕಾಯಿಲಿನ ನೆತ್ತಿಯಿಂದ ಚಿಮ್ಮಿತು. ಅದರ ಹಿಂದೆಯೇ ರಾಗ ಬಂತು. ಡಬ್ಬಿಯ ದೀಪ ಆರಲಿಲ್ಲ. ಒಂದು ಸ್ವರವೂ ತಪ್ಪಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡರು, ದೊಡ್ಡವರು ಎರಡು ಹೆಜ್ಜೆ ಹಿಂದೆ ಸರಿದರು. ಹೇಳಿದರೆ ಕೆಟ್ಟದೆನಿಸುತ್ತದೆ, ಆದರೂ ಹೇಳಬೇಕು: ಆ ಗಳಿಗೆಯಲ್ಲಿ ರಾಯರಿಗೆ ಜೈಲು ಮರೆತುಹೋಯಿತು. ಇಷ್ಟು ಚೆನ್ನಾಗಿ ಪ್ರದರ್ಶನದ ಯಂತ್ರವೂ ಹಾಡಿರಲಿಲ್ಲ. ಅಜ್ಜಿ ಒಂದು ದಿನ ತಡೆದಿದ್ದರೆ ಕೇಳಿಸಿಕೊಳ್ಳುತ್ತಿದ್ದರಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂತು. ಅದನ್ನು ಜನ ಪಶ್ಚಾತ್ತಾಪ ಎಂದುಕೊಂಡರು.

"ಇದೇ" ಎಂದ ಮಾಲೀಕ. "ನಿನ್ನೆ ನಮ್ಮಮ್ಮ ಹೋಗೋವಾಗ ಕೇಳ್ತಿದ್ದಿದ್ದು ಇದೇ."

"ಇಲ್ಲ ಸಾರ್, ಇವತ್ತೇ ಮೊದಲು. ನಾಲಿಗೆ ಮೇಲೆ ಕೆಂಡ ಇಟ್ಟು ಹೇಳು ಅಂದ್ರೂ ಹೇಳ್ತೀನಿ. ಇಷ್ಟು ದಿನ ಕೇಳಿದ್ದು ಫೋನಿಂದು" ಎಂದರು ರಾಯರು. ಯಾರೂ ಅವರ ಕಡೆ ನೋಡಲಿಲ್ಲ. ಪೇದೆ ಸ್ವಿಚ್ ಆರಿಸಿ, ಮೆಟ್ಟಿಲ ಕಡೆ ತಿರುಗಿದ.

"ಏನಮ್ಮ, ನೀವು ಅದೇ ಮನೇಲಿರೋರು. ಇವರು ಹೇಳೋದು ನಿಜಾನಾ? ಅದು ಫೋನಿಂದೇನಾ? ನೀವು ಹೌದು ಅಂದ್ರೆ ನಾನು ಹಾಗೇ ಬರ್ಕೊಂಡು ಹೋಗ್ತೀನಿ."

ರಾಯರು ಆಗ ಹೆಂಡತಿಯ ಮುಖ ನೋಡಿದರು. ಅವಳು ಅವರನ್ನು ನೋಡುತ್ತಿರಲಿಲ್ಲ, ಎದುರುಮನೆಯಾಕೆಯನ್ನು ನೋಡುತ್ತಿದ್ದಳು. ಆಕೆಯ ಸೆರಗು ಬಾಯಿಂದ ಜಾರಿತ್ತು, ಬಾಯಿ ತೆರೆದೇ ಇತ್ತು. ಹೆಂಡತಿ ಒಂದೊಂದೇ ಮೆಟ್ಟಿಲು ಇಳಿದು ಅಂಗಳದ ನಡುವೆ ಬಂದು ನಿಂತಳು.

"ಫೋನೂ ಇಲ್ಲ, ಗೀನೂ ಇಲ್ಲ" ಎಂದಳು. "ಹೆದರ್ಕೊಂಡು ಹಾಗ್ ಹೇಳ್ತಿದ್ದಾರೆ ಅಷ್ಟೇ. ನಮ್ಮನೆಯವರು ಮಾಡಿದ ಯಂತ್ರ ಮೂರು ವರ್ಷದಿಂದ ದಿನಾ ಹೀಗೇ ಹಾಡ್ತಿದೆ. ನಾನೇ ಸಾಕ್ಷಿ."

ಪೇದೆ ಅದನ್ನು ಬರೆದುಕೊಂಡು, ಕೆಳಗೆ ಅವಳ ಸಹಿ ಹಾಕಿಸಿಕೊಂಡ. ಲೈನ್‌ಮನ್ ಸರಳನ್ನು ನೆಲದಿಂದ ಕಿತ್ತು ತೊಳೆದಿಟ್ಟರು.

ಠಾಣೆಗೆ ಕರೆದೊಯ್ಯುವ ಮೊದಲು ಬಟ್ಟೆ ತೆಗೆದುಕೊಳ್ಳಲು ರಾಯರನ್ನು ಮೇಲೆ ಬಿಟ್ಟರು. ಹೆಂಡತಿ ಚೀಲಕ್ಕೆ ಅಂಗಿ ಮಡಿಸಿ ಇಡುತ್ತಿದ್ದಳು. ರಾಯರು ಬಾಗಿಲಲ್ಲೇ ನಿಂತು, "ನಾನು ನಿಂಗೆ ಮೋಸ ಮಾಡಿದ್ದು ನಿಜ ಕಣೆ, ಅದು ಫೋನಿಂದೇ ಆಗಿತ್ತು. ನೀನು ನಂಬಿದ್ದೆ, ಅದಕ್ಕೇ ಹಾಗ್ ಹೇಳ್ದೆ, ನಿನ್ನ ತಪ್ಪೇನಿಲ್ಲ" ಎಂದರು.

"ನಂಬಿದ್ನಾ?" ಎಂದಳು ಅವಳು, ಕೈ ನಿಲ್ಲಿಸದೆ. "ರೀ, ನಿಮ್ಮ ಫೋನಲ್ಲಿ ರಾಗ ಮುಗಿದ ಕೂಡ್ಲೇ ಅಷ್ಟು ಜನ ಚಪ್ಪಾಳೆ ಹೊಡೀತಿದ್ರಲ್ಲ, ನೀವು ಎಷ್ಟೇ ಬೇಗ ಆರ್ಸಿದ್ರೂ ಒಂದು ಚೂರು ಕೇಳಿಸ್ತಿತ್ತು. ನಮ್ಮ ಕೋಣೇಲಿ ಅಷ್ಟು ಜನ ಎಲ್ಲಿಂದ ಬರ್ಬೇಕು? ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ."

ರಾಯರು ಬಾಗಿಲು ಬಿಟ್ಟು ಒಳಗೆ ಬಂದರು. "ಮತ್ತೆ ಪೊಲೀಸ್ನೋರ್ ಕೇಳ್ದಾಗ ಅದನ್ನ ಹೇಳ್ಬಾರ್ದಾಗಿತ್ತಾ?"

"ಆ ಎದುರುಮನೆಯವಳ ಮುಂದೆನಾ?" ಎಂದು ಹೆಂಡತಿ ಚೀಲದ ಬಾಯಿ ಕಟ್ಟಿ ಅವರ ಕೈಗೆ ಕೊಟ್ಟಳು. "ಇಷ್ಟು ವರ್ಷ ಕಾದು ಇವತ್ತೊಂದು ದಿನ ಅವಳ ಬಾಯಿ ಮುಚ್ಚಿಸಿದ್ದೀನಿ. ಹೋಗ್ಬನ್ನಿ, ನಾನು ನೀರಿಗೆ ಹೋಗ್ಬೇಕು."